ಹೆಸರು ಹಿಡಿದು ಅಳುವುದು

ನನ್ನ ಗಂಡ ಅನಂತರಾಜು ಜನರನ್ನು ಹೆದರಿಸಿ ಹೆಸರು ಮಾಡಿದವರು. ಗೋಡೆಯ ಮೇಲೆ ಹಲ್ಲಿ ಕಂಡರೆ ಸ್ಟೂಲು ಹತ್ತುವ ಈ ಮನುಷ್ಯ ‘ಏಳನೇ ತೂಬು’ ಎಂಬ ದೆವ್ವದ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಟ್ಟು, ಗುಬ್ಬಿಯ ಅರ್ಧ ಹುಡುಗರು ಕತ್ತಲಾದ ಮೇಲೆ ಒಬ್ಬೊಬ್ಬರೇ ಬಚ್ಚಲಿಗೆ ಹೋಗದಂತೆ ಮಾಡಿದರು. ಸಿನಿಮಾ ಥಿಯೇಟರಿನಲ್ಲಿ ಒಂದೇ ವಾರ ನಿಂತಿತು. ಆಮೇಲೆ ಫೋನುಗಳಲ್ಲಿ ಓಡಿತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕತೆಯಲ್ಲಿ ಹುರುಳಿಲ್ಲ, ಆದರೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಬೇಡಿ.

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬದಲ್ಲಿ ಸಿನಿಮಾ ಹಾಡು ಹೇಳುವ ತಂಡ. ಇವರು ಕಟ್ಟಿದ್ದು ಬೇರೆಯೇ ಆರ್ಕೆಸ್ಟ್ರಾ. ಪಿಟೀಲಿಗೆ ನನ್ನ ಶಿಷ್ಯರು. ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಸಂಗೀತದ ಟೀಚರು, ಮನೆಯಲ್ಲಿ ಪಿಟೀಲು ಹೇಳಿಕೊಡುತ್ತೇನೆ. ತುತ್ತೂರಿ, ದೊಡ್ಡ ಕಹಳೆ, ಡ್ರಮ್ಮುಗಳಿಗೆ ಕುಣಿಗಲ್ಲಿನ ಮದುವೆ ಬ್ಯಾಂಡಿನವರು. ನಾಟಕ ಕಂಪನಿಯೊಂದು ಮುಚ್ಚಿದಾಗ ಯಾರದೋ ಅಟ್ಟ ಸೇರಿದ್ದ, ಕಾಲಲ್ಲಿ ತಿದಿ ಒತ್ತಿ ನುಡಿಸುವ ಒಂದು ಹಾರ್ಮೋನಿಯಂ, ಅದು ಸ್ವರಕ್ಕಿಂತ ಹೆಚ್ಚು ಉಬ್ಬಸವನ್ನೇ ನುಡಿಸುತ್ತಿತ್ತು. ಬ್ಯಾಂಡಿನವರಿಗೆ ‘ನಿಧಾನವಾಗಿ, ಕೆಳಗಿನ ಸ್ವರದಲ್ಲಿ ಊದಿ’ ಎಂದರೆ ‘ಯಾರ್ ತೀರ್ಕೊಂಡ್ರು ಸಾರ್’ ಎಂದು ಕೇಳಿದ್ದರು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಒಂದು ಹೆಲಿಕಾಪ್ಟರು ಎದ್ದರೆ ಅವತ್ತಿನ ಟೇಕು ಗೋವಿಂದ. ಹೀಗೆಲ್ಲ ಒದ್ದಾಡಿ ಮಾಡಿದ ಸಂಗೀತವನ್ನು ಈಗ ಮೊದಲ ಸಲ ಆಲ್ಬಂ ಮಾಡಿ ಬಿಡುಗಡೆ ಮಾಡೋಣ ಎಂದು ನಿರ್ಮಾಪಕ ಅಶ್ವಥ್ ಬಂದು ಹೇಳಿದಾಗ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಶ್ವಥ್‌ಗೆ ತುಮಕೂರಿನಲ್ಲಿ ಟೈಲ್ಸ್ ಅಂಗಡಿಯಿದೆ. ಸಿನಿಮಾ ಅವರಿಗೆ ಅಂಟಿಕೊಂಡ ಚಟ. ಫೋನಿನಲ್ಲೂ ಕೇಳಬಹುದು, ಹಳೇ ಕಾಲದ ಹಾಗೆ ಕಪ್ಪು ರೆಕಾರ್ಡೂ ಮಾಡಿಸೋಣ, ಈಗ ಅದಕ್ಕೆ ಮತ್ತೆ ಗಿರಾಕಿ ಬಂದಿದ್ದಾರೆ ಎಂದರು. ಕೊನೆಯ ಟ್ರ್ಯಾಕಿನಲ್ಲಿ ಮಾತ್ರ ವಾದ್ಯಗಳೇ ಬೇಡ, ನರಸಮ್ಮನ ದನಿಯೊಂದೇ ಇರಲಿ ಎಂದರು.

ನರಸಮ್ಮ ಯಾರೆಂದು ಹೇಳಬೇಕು. ನಮ್ಮ ಸ್ಕೂಲಿನ ಗಣಿತದ ಟೀಚರು ದೀಪಿಕಾಳ ಅತ್ತೆ. ಕುಣಿಗಲ್ ಹತ್ತಿರದ ಒಂದು ಪಾಳ್ಯದಲ್ಲಿ ದೊಡ್ಡ ಮಗ ಮುತ್ತುರಾಜ್ ಜೊತೆ ಇರುವ ಮುದುಕಿ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಆ ಸುತ್ತಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಸಿನಿಮಾದಲ್ಲಿ ಕೆರೆಯ ತೂಬಿನೊಳಗಿಂದ ಹೆಂಗಸಿನ ಅಳು ಕೇಳಬೇಕಿತ್ತು. ದೀಪಿಕಾಳೇ ಅತ್ತೆಯ ಹೆಸರು ಹೇಳಿದಳು.

ಆದರೆ ಅಳುವುದಕ್ಕೂ ಕಟ್ಟಳೆಯಿದೆ. ದೀಪ ಹಚ್ಚುವ ಮನೆಯೊಳಗೆ ಸುಮ್ಮನೆ ಆ ರಾಗ ಎತ್ತುವಂತಿಲ್ಲ. ಪ್ರಾಕ್ಟೀಸು ಮಾಡುವಂತಿಲ್ಲ. ಮತ್ತೆ, ಸತ್ತವರ ಹೆಸರು ಹಿಡಿಯದೆ ಅಳುವಂತಿಲ್ಲ. ಬದುಕಿರುವವರ ಹೆಸರು ಹಿಡಿಯುವುದಂತೂ ಕೊಂದಷ್ಟೇ ಪಾಪ. ಇನ್ನೊಂದು ದೊಡ್ಡ ಕಟ್ಟಳೆ, ಅಳುವಾಗ ಹೆಂಗಸು ಏನೇ ಅನ್ನಲಿ, ಯಾರನ್ನೇ ಬೈಯಲಿ, ಆಮೇಲೆ ಆ ಮಾತು ಹಿಡಿದು ಯಾರೂ ಕೇಳುವಂತಿಲ್ಲ. ಅಳುವಿನ ಮಾತು ಅಳುವಿಗೇ ಮುಗಿಯಿತು.

ನರಸಮ್ಮ ಒಪ್ಪಿದಳು. ಕುಣಿಗಲ್ ಕೆರೆ ಏರಿಯ ಮೇಲೆ, ಬಯಲಿನಲ್ಲಿ, ಮನೆಯವರು ಯಾರೂ ಇಲ್ಲದಾಗ ಹಾಡುತ್ತೇನೆ, ಮುತ್ತುವಿಗೆ ಹೇಳಬೇಡಿ ಎಂದಳಂತೆ. ದೀಪಿಕಾಗೂ ನನಗೂ ಸ್ಕೂಲಿತ್ತು. ಇವರೊಬ್ಬರೇ ಮೈಕು ಹೊತ್ತುಕೊಂಡು ಹೋಗಿ ಬಂದರು.

“ಏನು ಹಾಡಿದಳು?” ಎಂದು ಕೇಳಿದೆ.

“ಲತಾ, ಅವಳು ಷಡ್ಜ ಬಿಟ್ಟು ಕೂದಲೆಳೆ ಕೆಳಗೆ ನಿಲ್ತಾಳೆ. ಮೈ ಜುಮ್ ಅನ್ನುತ್ತೆ” ಎಂದರು.

ಇವರ ಕಿವಿಗೆ ಸ್ವರ ಬೀಳುತ್ತದೆ, ಮಾತು ಬೀಳುವುದಿಲ್ಲ. ಹಾಲು ತನ್ನಿ ಎಂದು ನಾನು ಯಾವ ಶ್ರುತಿಯಲ್ಲಿ ಕೂಗಿದೆ ಎಂದು ಹೇಳಬಲ್ಲರು, ಹಾಲು ಮಾತ್ರ ತರುವುದಿಲ್ಲ. ಆ ದನಿಯನ್ನು ಇವರು ಎಳೆದು, ತಗ್ಗಿಸಿ, ಕಹಳೆಗಳ ಕೆಳಗೆ ಹೂತುಬಿಟ್ಟರು. ಸಿನಿಮಾದಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ, ಬೆನ್ನಿನಲ್ಲಿ ಚಳಿ ಮಾತ್ರ ಹುಟ್ಟುತ್ತದೆ. ಸಿನಿಮಾ ಬಂದಾಗ ದೀಪಿಕಾಳ ಫೋನಿನಲ್ಲಿ ನೋಡಿದ ನರಸಮ್ಮ ಇವರಿಗೆ ಫೋನು ಮಾಡಿಸಿದ್ದಳು.

“ನನ್ ಮಾತೆಲ್ಲ ಮುಳುಗುಸ್ಬುಟ್ರಲ್ಲ ಮೇಷ್ಟ್ರೇ.”

ಆಲ್ಬಂ ಸುದ್ದಿ ತಿಳಿದಾಗಲೂ ಅವಳು ಕೇಳಿದ್ದು ಅದನ್ನೇ. “ಈ ಸಲನಾದ್ರೂ ಕೇಳ್ತದಾ? ಎಲ್ರಿಗೂ ಕೇಳ್ಬೇಕು ಕಣಪ್ಪ.” ಮುದುಕಿಗೆ ಹೆಸರಿನ ಆಸೆ ಎಂದು ನಾವಿಬ್ಬರೂ ನಕ್ಕಿದ್ದೆವು.

ಕೆರೆ ಏರಿಯ ಮೂಲ ರೆಕಾರ್ಡಿಂಗಿನಲ್ಲಿ ಗಾಳಿಯ ಸದ್ದು, ಉಸಿರಿನ ಸದ್ದು ಎಲ್ಲೆಲ್ಲಿದೆ ಎಂದು ಗುರುತು ಹಾಕುವ ಕೆಲಸ ನನ್ನದಾಯಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಹೆಡ್‌ಫೋನು ಹಾಕಿ ಕೂತೆ. ಮೊದಲು ಗಾಳಿ. ಆಮೇಲೆ ಎಲ್ಲೋ ಕುದುರೆ ಕೆನೆದದ್ದು, ಸ್ಟಡ್ ಫಾರಂ ಕಡೆಯದಿರಬೇಕು. ಆಮೇಲೆ ನರಸಮ್ಮ, ಇಷ್ಟು ಹತ್ತಿರ, ನನ್ನ ಭುಜದ ಹಿಂದೆಯೇ ಕೂತಂತೆ.

*ಎರಡು ಮುದ್ದೆ ಕಟ್ಟಿ ತಂದೆನಲ್ಲೋ, ನನ್ನ ರವಿಕಿರಣ,*
*ಎರಡನ್ನೂ ಒಬ್ಬನೇ ಉಂಡನಲ್ಲೋ.*
*ಬಾವಿಕಟ್ಟೆ ಮೇಲೆ ನಿನ್ನ ಚಪ್ಪಲಿ ಬಿಸಿಲಲ್ಲಿತ್ತಲ್ಲೋ,*
*ನೀನೆಲ್ಲೋ ಅಂದರೆ ದುಬೈ ಅಂದನಲ್ಲೋ.*
*ಬಾವಿ ಮುಚ್ಚಿ ಬಾಳೆ ನೆಟ್ಟನಲ್ಲೋ ನನ್ನ ಕಂದ,*
*ಗೊನೆ ಕಡಿದು ನನಗೇ ತಂದು ಕೊಟ್ಟನಲ್ಲೋ.*

ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟೆ. ಅದರೊಳಗಿನಿಂದ ದನಿ ಇನ್ನೂ ಸಣ್ಣಗೆ ಬರುತ್ತಲೇ ಇತ್ತು. ನನಗೆ ನಿಜವಾಗಿ ಭಯವಾಯಿತು. ಇಷ್ಟು ವರ್ಷ ಇವರ ಸಂಗೀತಕ್ಕೆ ಒಂದು ಸಲವೂ ಹೆದರಿದವಳಲ್ಲ ನಾನು.

ರವಿಕಿರಣ್ ನರಸಮ್ಮನ ಕಿರಿಮಗ, ದೀಪಿಕಾಳ ಗಂಡ. ಎಂಟೊಂಬತ್ತು ವರ್ಷದ ಹಿಂದೆ, ಹೆದ್ದಾರಿ ಪಕ್ಕದ ತೆಂಗಿನ ತೋಟವನ್ನು ಲೇಔಟಿನವರಿಗೆ ಕೊಡುವ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮಾತು ಬೆಳೆದಿತ್ತು. ಅಣ್ಣ ಕೊಡೋಣ ಎಂದರೆ ತಮ್ಮ ಸಹಿ ಹಾಕುವುದಿಲ್ಲ ಎಂದಿದ್ದ. ದೀಪಿಕಾ ಟ್ರೈನಿಂಗಿಗೆಂದು ಮೈಸೂರಿಗೆ ಹೋಗಿದ್ದಾಗ ಅವನು ಇದ್ದಕ್ಕಿದ್ದಂತೆ ದುಬೈಗೆ ಹೊರಟುಹೋದ. ಹಾಗೆಂದು ಹೇಳಿದವನು ಮುತ್ತುರಾಜ್. ಹೊರಡುವ ಮುಂಚೆ ಅವಳಿಗೂ ಅವನಿಗೂ ಫೋನಿನಲ್ಲಿ ಏನೋ ಸಣ್ಣ ಜಗಳವಾಗಿತ್ತು. ಅದಕ್ಕೇ ಅವನಿಗೆ ನಿನ್ನ ಮೇಲೆ ಸಿಟ್ಟು, ನನಗೊಬ್ಬನಿಗೇ ಫೋನು ಮಾಡುತ್ತಾನೆ, ಸ್ವಲ್ಪ ದಿನ ಬಿಡು ತಾಯಿ, ಸರಿಹೋಗುತ್ತಾನೆ ಎಂದು ಭಾವ ಸಮಾಧಾನ ಹೇಳುತ್ತಲೇ ಬಂದ. ದೀಪಿಕಾ ನಂಬಿದಳು. ತಪ್ಪು ತನ್ನದೇ ಎಂದುಕೊಂಡಳು. ಪ್ರತಿ ಯುಗಾದಿಗೆ ಗಂಡನಿಗೊಂದು ಶರ್ಟು ತೆಗೆದು, ಯಾರಾದರೂ ಆ ಕಡೆ ಹೋಗುವವರ ಕೈಲಿ ಕಳಿಸಿ ಎಂದು ಭಾವನ ಕೈಗೆ ಕೊಡುತ್ತಾಳೆ. ಹಣೆಯ ಕುಂಕುಮ, ಕಾಲುಂಗುರ ಎಲ್ಲ ಇದ್ದಂತೆಯೇ ಇವೆ. ಸ್ಟಾಫ್ ರೂಮಿನಲ್ಲಿ ಹಿಂದಿನಿಂದ ನಗುವವರೂ ಇದ್ದಾರೆ.

ಇವರನ್ನು ಕರೆದು ಕೂರಿಸಿ ಕೇಳಿಸಿದೆ. ಮಾತು ಕೇಳಿ, ಸ್ವರ ಬಿಡಿ ಎಂದೆ. ಕೇಳಿ ಬೆವರಿದರು. ಆದರೂ ಸೋಲಲಿಲ್ಲ.

“ಹಾಡಿಗೋಸ್ಕರ ಕಟ್ಟಿರ್ತಾಳೆ ಲತಾ. ಸಿನಿಮಾದಲ್ಲಿ ತೂಬು ಇತ್ತು, ಇವಳು ಬಾವಿ ಮಾಡ್ಕೊಂಡಿದಾಳೆ.”

“ನೀವು ಅವಳಿಗೆ ಕತೆ ಹೇಳಿದ್ರಾ?”

“ಇಲ್ಲ.”

“ಮತ್ತೆ ಬದುಕಿರೋ ಮಗನ ಹೆಸರು ಯಾವ ತಾಯಿ ಹಿಡೀತಾಳೆ ರೀ?”

ನನಗೆ ಮುದುಕಿಯ ಸಂಕಟ ಅರ್ಥವಾಗತೊಡಗಿತು. ಒಬ್ಬ ಮಗ ಹೋದ. ಬಾಯಿ ಬಿಟ್ಟರೆ ಇನ್ನೊಬ್ಬನೂ ಜೈಲಿಗೆ ಹೋಗುತ್ತಾನೆ. ಅನ್ನ ಹಾಕುವವನೂ ಅವನೇ. ಹೆಣವಿಲ್ಲ, ಆದ್ದರಿಂದ ಹೆತ್ತವಳು ಅಳುವ ಹಾಗೂ ಇಲ್ಲ. ಮೈಕು ತಂದು ಎದುರಿಗಿಟ್ಟು ಅಳು ಎಂದವರು ನಾವೇ.

ದೀಪಿಕಾಗೆ ಹೇಳಲೇಬೇಕು, ಅದರಲ್ಲಿ ನಮಗೆ ಎರಡು ಮಾತಿರಲಿಲ್ಲ. ಆದರೆ ಹೇಳಿದರೆ ಅವಳು ನೆಟ್ಟಗೆ ಹೋಗಿ ಭಾವನನ್ನು ಕೇಳುತ್ತಾಳೆ, ಮುದುಕಿ ಇರುವುದು ಅವನ ಮನೆಯಲ್ಲಿ. ಹೀಗೆ ಯೋಚಿಸುತ್ತಿರುವಾಗಲೇ ಒಂದು ಭಾನುವಾರ ಬೆಳಿಗ್ಗೆ ಮುತ್ತುರಾಜನೇ ಗುಬ್ಬಿಗೆ ಬಂದ. ದೀಪಿಕಾ ಎಂದಿನಂತೆ ಅತ್ತೆಯನ್ನು ನೋಡಲು ಪಾಳ್ಯಕ್ಕೆ ಹೋಗಿದ್ದಳು.

ಅವನನ್ನು ನೋಡಿದರೆ ಯಾರೂ ಕೆಟ್ಟವನೆನ್ನುವುದಿಲ್ಲ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಹೆಗಲ ಮೇಲಿಂದ ಒಂದು ಬಾಳೆಗೊನೆ ಇಳಿಸಿ, “ನಮ್ ತೋಟದ್ದು ಮೇಡಂ, ಔಷಧಿ ಗಿವುಸ್ದಿ ಏನೂ ಹೊಡ್ದಿಲ್ಲ” ಎಂದ. ಗೊನೆಯಿಂದ ಅಂಟು ಇನ್ನೂ ಜಿನುಗುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ.

“ಅವ್ವನ ಹಾಡು ರೆಕಾರ್ಡ್‌ನಾಗ್ ಬತ್ತದಂತೆ. ಒಸಿ ಕೇಳುಸ್ತೀರಾ ಮೇಷ್ಟ್ರೇ?”

ಇವರು ನನ್ನ ಮುಖ ನೋಡಿದರು. ಬರೀ ದನಿಯದ್ದು ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಇವರು ಸಿನಿಮಾದ ಮಿಕ್ಸನ್ನು ಹಾಕಿದರು. ಹಾರ್ಮೋನಿಯಂ ಉಸಿರೆಳೆಯಿತು, ಕಹಳೆಗಳು ಎದ್ದವು, ಅವುಗಳ ಅಡಿಯಲ್ಲಿ ನರಸಮ್ಮ ಹೊರಳಿದಳು. ಮುತ್ತುರಾಜ್ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಪೂರ್ತಿ ಕೇಳಿದ.

“ಮಾತು ತಿಳಿಯಕಿಲ್ವಲ್ಲ.”

“ಸಿನಿಮಾದಲ್ಲಿ ಹಾಗೇ ಇತ್ತು” ಎಂದರು ಇವರು.

“ಹಂಗೇ ಇರ್ಲಿ ಬುಡಿ. ಅವ್ವಂಗೆ ವಯಸ್ಸಾಯ್ತು, ತಲೆ ಸರಿಯಿಲ್ಲ. ಏನೇನೋ ಅಂತದೆ. ಕೇಳ್ದೋರು ನಾಕ್ ತರ ಆಡ್ಕತಾರೆ. ಆಮೇಕೆ ಮನೇಲಿಟ್ಕೊಂಡು ನೋಡ್ಕಳಾನು ನಾನೇ ಅಲ್ವಾ ಮೇಡಂ.”

ಕಾಫಿ ಲೋಟ ಕೊಡಲು ಬಗ್ಗಿದಾಗ ಅವನ ಕಾಲರು ಕಂಡಿತು. ತಿಳಿನೀಲಿ ಗೆರೆಯ ಶರ್ಟು. ಹೋದ ಯುಗಾದಿಗೆ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ದೀಪಿಕಾ ಇದನ್ನು ಆರಿಸುವಾಗ ನಾನು ಜೊತೆಗಿದ್ದೆ. ಕಾಲರಿನ ಗುಂಡಿ ಕಿತ್ತುಹೋಗಿತ್ತೆಂದು ಅವಳು ಸ್ಟಾಫ್ ರೂಮಿನಲ್ಲೇ ಕೂತು ಬೇರೆ ಗುಂಡಿ ಹೊಲಿದಿದ್ದಳು. ಉಳಿದವು ಬಿಳಿ, ಅದೊಂದು ಕಂದು. ಆ ಕಂದು ಗುಂಡಿ ಅವನ ಗಂಟಲಿನ ಕೆಳಗೆ ಇತ್ತು. ಹೊಸ ಬಟ್ಟೆಯನ್ನು ಸುಡುವುದಕ್ಕೆ, ಎಸೆಯುವುದಕ್ಕೆ ನಮ್ಮ ಜನಕ್ಕೆ ಕೈ ಬರುವುದಿಲ್ಲ. ಕೊಲೆ ಮಾಡಿದವನಿಗೂ ಬರುವುದಿಲ್ಲ ಎಂದು ಆವತ್ತು ತಿಳಿಯಿತು.

ಅವನು ಹೋದ ಮೇಲೆ ಶರ್ಟಿನ ವಿಷಯ ಹೇಳಿದೆ, ಇವರೂ ಹಟ ಬಿಟ್ಟರು. ಹೀಗೆ ಮಾಡೋಣ ಎಂದು ಇಬ್ಬರೂ ಕೂತು ತೀರ್ಮಾನಿಸಿದೆವು. ಆಲ್ಬಂನಿಂದ ಆ ಟ್ರ್ಯಾಕು ತೆಗೆಯುವುದು. ಬಿಡುಗಡೆಯ ದಿನ ನರಸಮ್ಮ ತುಮಕೂರಿಗೆ ಬರುತ್ತಾಳಲ್ಲ, ಅಲ್ಲಿಂದಲೇ ಏನಾದರೂ ನೆಪ ಹೇಳಿ ಗುಬ್ಬಿಗೆ, ದೀಪಿಕಾಳ ಮನೆಗೆ ಕರೆದುಕೊಂಡು ಬರುವುದು. ಮುದುಕಿ ಅವನ ಕೈಯಿಂದ ಹೊರಗೆ ಬಂದ ಮೇಲೆ ದೀಪಿಕಾಗೆ ದನಿ ಕೇಳಿಸುವುದು. ಆಮೇಲೆ ಪೊಲೀಸಿಗೆ ಹೋಗುವುದೋ ಏನೋ ಅವರಿಬ್ಬರೇ ಹೇಳಲಿ. ಅಶ್ವಥ್‌ಗೆ ನಿಜ ಹೇಳಲಿಲ್ಲ, ರೆಕಾರ್ಡಿಂಗು ಹಾಳಾಗಿದೆ ಎಂದೆವು. ಅವರು ಬೇಸರ ಮಾಡಿಕೊಂಡು ಒಪ್ಪಿದರು. ಕವರು ಆಗಲೇ ಪ್ರಿಂಟಾಗಿ ಬಂದಿತ್ತು ಎನ್ನುವುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಿಡುಗಡೆ ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆಯ ಹೊತ್ತು. ಅಶ್ವಥ್ ಯಾವುದನ್ನೂ ಮದುವೆಯ ಹಾಗೆ ಮಾಡದೆ ಬಿಡುವವರಲ್ಲ. ಬಾಗಿಲಿಗೆ ಮಾವಿನ ತೋರಣ, ಪನ್ನೀರು ಚಿಮುಕಿಸುವ ಹುಡುಗಿಯರು, ಹಿಂದೆ ಅಡುಗೆಯವರ ಒಲೆ. ನಡುವೆ ತೂಬಿನ ಬಾಯಿಂದ ಹೊರಬರುತ್ತಿರುವ ಕೈಯ ದೊಡ್ಡ ಪೋಸ್ಟರು. ದೆವ್ವಕ್ಕೆ ಆರತಕ್ಷತೆ ಎಂದು ನಾನು ಇವರನ್ನು ಛೇಡಿಸಿದೆ. ಇವರು ನಗಲಿಲ್ಲ.

ಪಾಳ್ಯದಿಂದ ಒಂದು ವ್ಯಾನು ತುಂಬ ಜನ ಬಂದಿದ್ದರು. ಎಲ್ಲ ಅಣ್ಣತಮ್ಮಿಕೆಯವರು, ಒಂದೇ ವಂಶದವರು. ಅವರಿಗೆ ಹಿರಿಯ ಚಿಕ್ಕಮಾರಯ್ಯ, ಹೆಗಲ ಮೇಲೆ ಟವೆಲು ಹಾಕಿದ ಒಣಕಲು ಮುದುಕ. ಮುತ್ತುರಾಜ್ ಬಿಳಿ ಅಂಗಿ ಬಿಳಿ ಪಂಚೆಯಲ್ಲಿ ಮುಂದಿನ ಸಾಲಿನಲ್ಲಿ ಕೂತ. ದೀಪಿಕಾ ನನ್ನ ಪಕ್ಕ ಕೂತಳು. ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು.

“ಅಕ್ಕ, ಇದನ್ನ ಅವರೂ ಫೋನಲ್ಲಿ ಕೇಳ್ತಾರಲ್ವಾ, ಅಲ್ಲಿ?” ಎಂದಳು.

“ಸುಮ್ಮನೆ ನೋಡು” ಎಂದೆ. ನನಗೆ ಅವಳ ಕಡೆ ತಿರುಗಲು ಆಗಲಿಲ್ಲ.

ರೆಕಾರ್ಡು ಬಿಡುಗಡೆಯಾಯಿತು. ನರಸಮ್ಮನಿಗೆ ಶಾಲು ಹೊದಿಸಿ, ವೇದಿಕೆಯಲ್ಲೇ ಕುರ್ಚಿ ಹಾಕಿ ಕೂರಿಸಿದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸ್ಪೀಕರಿನಲ್ಲಿ ಒಂದೊಂದೇ ತುಣುಕು ಹಾಕತೊಡಗಿದರು. ಹಾಡಹಗಲು, ಮುನ್ನೂರು ಜನ, ಒಗ್ಗರಣೆ ವಾಸನೆ. ಆದರೂ ಕಹಳೆಗಳು ಕೆಳಗಿನ ಸ್ವರಕ್ಕೆ ಇಳಿದಾಗ ಸಭೆಯಲ್ಲಿ ಮಕ್ಕಳು ಅಮ್ಮಂದಿರ ಮಡಿಲು ಹತ್ತಿದವು. ನನ್ನ ಗಂಡ ಗೆದ್ದಿದ್ದರು. ಆ ಗೆಲುವನ್ನು ನೋಡುವ ಸ್ಥಿತಿಯಲ್ಲಿ ನಾವಿಬ್ಬರೂ ಇರಲಿಲ್ಲ.

ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಕವರು ತಿರುಗಿಸಿ ಓದಿದಳು. “ಮತ್ತು ಕೊನೆಯದಾಗಿ, ನಮ್ಮ ನರಸಮ್ಮನವರ ಅಳು.”

ಸ್ಪೀಕರಿನಲ್ಲಿ ಏನೂ ಬರಲಿಲ್ಲ. ಹುಡುಗಿ ಸೌಂಡಿನವನ ಕಡೆ ನೋಡಿದಳು, ಅವನು ಕೈ ಅಲ್ಲಾಡಿಸಿದ. ಅಶ್ವಥ್ ಎದ್ದು ಅವಳ ಕಿವಿಯಲ್ಲಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ನರಸಮ್ಮ ಕುರ್ಚಿಯಿಂದ ಇಳಿದಳು.

“ನಂದು ತೆಗುದ್ಬುಟ್ರಾ ಮೇಷ್ಟ್ರೇ?”

ಇವರು ವೇದಿಕೆಯ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದರು. “ಅಜ್ಜಿ, ಆಮೇಲೆ ಹೇಳ್ತೀನಿ...”

“ಆಮೇಲಂದ್ರೆ ನಾನಿರಲ್ಲ ಕಣಪ್ಪ.”

ಮುತ್ತುರಾಜ್ ಕುರ್ಚಿಯ ತುದಿಗೆ ಸರಿದ. ನರಸಮ್ಮ ವೇದಿಕೆಯ ನಡುವೆ ನೆಲದ ಮೇಲೆ ಕೂತಳು. ಶಾಲು ತೆಗೆದು ಪಕ್ಕಕ್ಕಿಟ್ಟಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಮೈಕನ್ನು ತಂದು ಅವಳ ಎದುರಿಗಿಟ್ಟಳು.

ಅವಳು ಎತ್ತಿದ ದನಿ ಮಂಟಪದ ಗೋಡೆಗಳಿಗೆ ಬಡಿದು ಬಂತು. ನಾನು ಹೆಡ್‌ಫೋನಿನಲ್ಲಿ ಕೇಳಿದ್ದೆಲ್ಲ ಬಂತು. ಎರಡು ಮುದ್ದೆ, ಚಪ್ಪಲಿ, ಬಾವಿ. ರವಿಕಿರಣ ಎಂಬ ಹೆಸರು ಸಾಲು ಸಾಲಿಗೂ ಬಂತು. ಆಮೇಲೆ ನಾನು ಕೇಳದ ಸಾಲುಗಳು ಬಂದವು.

*ಅಂಗಿ ತರಬೇಡ ಸೊಸೆಯೇ, ಅಂಗಿ ತೊಡುವ ಮೈಯಿಲ್ಲ,*
*ದಾರಿ ನೋಡಬೇಡ ಸೊಸೆಯೇ, ಹೋದವನು ದೂರ ಹೋಗಿಲ್ಲ.*
*ಇರುವವನ ಹೆಸರು ಹೇಳಲಾರೆ, ಹೋದವನ ಹೆಸರು ಬಿಡಲಾರೆ,*
*ಎರಡೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವಲ್ಲೋ.*

ನಿಂತಿತು. ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಡುಗರು ಶಿಳ್ಳೆ ಹಾಕಿದರು. ಅಶ್ವಥ್ ಕಣ್ಣೊರೆಸಿಕೊಂಡು, ಏನ್ ಆಕ್ಟಿಂಗ್ ರೀ ಎಂದರು. ಸುತ್ತಲಿನವರು ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಮುತ್ತುರಾಜನೂ ಎದ್ದು, ತಾಯಿಗೆ ಚಪ್ಪಾಳೆ ತಟ್ಟಿದ. ತಟ್ಟದೆ ಕೂತವರು ಪಾಳ್ಯದಿಂದ ಬಂದವರು ಮಾತ್ರ. ಅವರಿಗೆ ಆ ಅಳು ಯಾವುದೆಂದು ಗೊತ್ತು. ಆ ಬಾವಿ ಮುಚ್ಚಿದ್ದನ್ನೂ ಅವರು ನೋಡಿದ್ದರು.

ದೀಪಿಕಾ ನನ್ನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ ಅಕ್ಕ?”

“ಗೊತ್ತಿತ್ತು. ಅತ್ತೆನ ಮೊದಲು ನಿನ್ನ ಹತ್ರ ಕರ್ಕೊಂಡು ಬಂದು, ಆಮೇಲೆ ಹೇಳೋಣ ಅಂತ...”

ಅವಳು ಪೂರ್ತಿ ಕೇಳಲಿಲ್ಲ. ಎದ್ದು ವೇದಿಕೆ ಹತ್ತಿದಳು. ಅಷ್ಟು ಹೊತ್ತಿಗೆ ಮುತ್ತುರಾಜ್ ಅಲ್ಲಿ ತಾಯಿಯ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ. “ನಡಿಯವ್ವ ಮನೆಗೆ. ಸುಸ್ತಾಗಿದ್ದೀಯ” ಎನ್ನುತ್ತಿದ್ದ, ಮೆತ್ತಗೆ, ಎಲ್ಲರಿಗೂ ಕೇಳುವಂತೆ. ದೀಪಿಕಾ ಇನ್ನೊಂದು ರಟ್ಟೆ ಹಿಡಿದಳು.

“ಅತ್ತೆಗೆ ಕೈಕಾಲು ತೊಳ್ಕೋಬೇಕಂತೆ ಭಾವ. ಹಿಂದ್ಗಡೆ ಕರ್ಕೊಂಡು ಹೋಗ್ತೀನಿ. ನೀವೂ ಬನ್ನಿ.”

ಮಂಟಪದ ಹಿತ್ತಲಿನಲ್ಲಿ ಅಡುಗೆಯವರು ಪಾತ್ರೆ ತೊಳೆಯುವ ಕಲ್ಲಿನ ಕಟ್ಟೆ, ಒಂದು ನಲ್ಲಿ, ಸುತ್ತ ಕಾಂಪೌಂಡು. ಪಾಳ್ಯದವರೂ ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಒಳಗೆ ಸೌಂಡಿನವನು ಆಲ್ಬಂ ಅನ್ನು ಮೊದಲಿನಿಂದ ಮತ್ತೆ ಹಾಕಿದ್ದ. ಕಹಳೆಗಳು ಗೋಡೆಯ ಆಚೆ ಏಳುತ್ತಾ ಬೀಳುತ್ತಾ ಇದ್ದವು.

ದೀಪಿಕಾ ಚಿಕ್ಕಮಾರಯ್ಯನ ಮುಂದೆ ನಿಂತಳು. “ತಾತ, ನೀವೆಲ್ಲ ಕೇಳಿದ್ರಲ್ಲ. ಭಾವನ್ನ ಏನೂ ಕೇಳಲ್ವಾ?”

ಮುದುಕ ನೆಲ ನೋಡಿದ. “ಅಳೋ ಮಾತ್ ಹಿಡ್ದು ಕೇಳಂಗಿಲ್ಲ ಕಣಮ್ಮ. ನಮ್ಮಲ್ಲಿಲ್ಲ ಅದು.”

“ನೋಡ್ದಾ ತಾಯಿ” ಎಂದ ಮುತ್ತುರಾಜ್. “ಅವ್ವಂಗೆ ಭ್ರಾಂತು. ರವಿ ಚೆನ್ನಾಗವ್ನೆ. ಮೊನ್ನೆ ತಾನೆ ಫೋನ್ ಮಾಡಿದ್ದ.”

ದೀಪಿಕಾ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು ತುಂಬಿಸಿದಳು. ಮಲ್ಲಿಗೆ ತೆಗೆದು ಕಟ್ಟೆಯ ಮೇಲಿಟ್ಟಳು. ಆ ರೇಷ್ಮೆ ಸೀರೆಯಲ್ಲೇ ಕೂತು ಚೊಂಬು ಮುಳುಗಿಸಿ ತಲೆಯ ಮೇಲೆ ಸುರಿದುಕೊಂಡಳು. ಒಂದು, ಮತ್ತೊಂದು, ಮಗದೊಂದು. ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ನನಗೆ ಅಳು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಮುಟ್ಟಿದಾಗ ಹತ್ತಿರದವರು ಇದ್ದಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಅವಳು ಎಂಟೊಂಬತ್ತು ವರ್ಷ ತಡವಾಗಿ ಹಾಕಿಕೊಳ್ಳುತ್ತಿದ್ದಳು.

ಆಮೇಲೆ ಅತ್ತೆಯನ್ನು ಕೂರಿಸಿ ಅವಳಿಗೂ ಹಾಕಿದಳು. ಚಿಕ್ಕಮಾರಯ್ಯ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ. ಮುಂದೆ ಬಂದು, ತಾನೇ ಚೊಂಬು ತೆಗೆದುಕೊಂಡು ತಲೆಗೆ ಹಾಕಿಕೊಂಡ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಇನ್ನೊಬ್ಬ. ಮಂಟಪದ ಮ್ಯಾನೇಜರು ಬಾಗಿಲಿಗೆ ಬಂದು, ಶುಭಕಾರ್ಯ ಮಾಡೋ ಜಾಗ ಇದು ಎಂದು ಶುರು ಮಾಡಿ, ಆ ಜನರ ಮುಖ ನೋಡಿ ಹಾಗೇ ಒಳಗೆ ಹೋದ.

ಕೊನೆಗೆ ಒಣ ಬಟ್ಟೆಯಲ್ಲಿ ಉಳಿದವನು ಮುತ್ತುರಾಜ್ ಒಬ್ಬನೇ.

ದೀಪಿಕಾ ಬಕೆಟ್ಟನ್ನು ಮತ್ತೆ ತುಂಬಿಸಿ, ತಂದು ಅವನ ಕಾಲ ಬಳಿ ಇಟ್ಟಳು. “ಭಾವ, ನಾನೇನೂ ಕೇಳಲ್ಲ. ಅವರು ಇದ್ದಾರೆ ಅಂದ್ರೆ ಈಗಲೇ, ಇಲ್ಲೇ, ಎಲ್ಲರ ಮುಂದೆ ಫೋನ್ ಹಚ್ಚಿ. ಒಂದು ಸಲ ಹಲೋ ಅನ್ನಲಿ, ಸಾಕು. ಇಲ್ಲ ಅಂದ್ರೆ ಎಲ್ಲರ ಹಾಗೆ ನೀರು ಹಾಕ್ಕೊಳಿ.”

ಅವನ ಕೈ ಜೇಬಿನ ಮೇಲೆ ಹೋಯಿತು. ಅಲ್ಲಿ ಫೋನಿನ ಚೌಕ ಕಾಣುತ್ತಿತ್ತು. ಕೈ ಅಲ್ಲೇ ನಿಂತಿತು. ಒದ್ದೆ ಜನ ಅವನ ಸುತ್ತ ನಿಂತಿದ್ದರು. ಬಟ್ಟೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವನು ಗೇಟಿನ ಕಡೆ ನೋಡಿದ. ತಾಯಿಯ ಕಡೆ ನೋಡಲಿಲ್ಲ.

ನರಸಮ್ಮ ಕಟ್ಟೆ ಹಿಡಿದು ಎದ್ದಳು. ಚೊಂಬು ತುಂಬಿಕೊಂಡು ಅವನ ಮುಂದೆ ಬಂದು ನಿಂತಳು. ಅವನ ಎದೆಯಷ್ಟೂ ಎತ್ತರ ಇರಲಿಲ್ಲ ಅವಳು.

“ಬಗ್ಗು ಮಗ” ಎಂದಳು.

ಐವತ್ತು ದಾಟಿದ ಆ ಗಂಡಸು ತಾಯಿಯ ಮುಂದೆ ತಲೆ ಬಗ್ಗಿಸಿದ. ಅವಳು ಸುರಿದಳು. ನೀರು ಕತ್ತಿನಿಂದ ಬಿಳಿ ಅಂಗಿಗೆ ಇಳಿಯಿತು. ಅವನು ತಲೆ ಎತ್ತಲಿಲ್ಲ. ಇನ್ನೊಂದು ಚೊಂಬು ಸುರಿದಳು.

ಚಿಕ್ಕಮಾರಯ್ಯ ಹೋಗಿ ಹಿಂದಿನ ಗೇಟಿಗೆ ಚಿಲಕ ಹಾಕಿದ. ವಾಪಸ್ಸು ಬಂದು, ಹೆಗಲ ಮೇಲಿನ ಟವೆಲು ತೆಗೆದು ನಿಧಾನವಾಗಿ ಹಿಂಡಿದ.

“ಅಳೋ ಮಾತ್ ಬುಡು ಮುತ್ತಣ್ಣ. ತಲೆ ಬಗ್ಸಿ ನೀರ್ ಹಾಕುಸ್ಕೊಂಡಿದ್ದು ನೀನೆಯ” ಎಂದ. “ಈಗ ಹೇಳು.”